ಹೊಳ್ಳಿ ಹೋಗಾಕ ಮೊದಲು ಹುಬ್ಬಳ್ಳಿಗೆ ಬರಬೇಕು

ವಿದ್ಯಾನಗರದ ನನ್ನ ಝೆರಾಕ್ಸ್ ಅಂಗಡಿಯಲ್ಲಿ ನವೆಂಬರ್‌ನಿಂದ ಹೊಸ ಹುಡುಗ ಒಬ್ಬ ಕೂತಿದ್ದಾನೆ. ಪಾಸ್‌ಪೋರ್ಟ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಬಯೋಡಾಟಾ, ಎಲ್ಲ ಟಕಟಕ ಅಂತ ಟೈಪ್ ಮಾಡುತ್ತಾನೆ. ಬಾಯಿ ಬಿಟ್ಟರೆ ಮಾತ್ರ ಗಿರಾಕಿಗಳು ತಲೆ ಎತ್ತಿ ನೋಡುತ್ತಾರೆ. ಮಾತು ಪೂರ್ತಿ ಹುಬ್ಬಳ್ಳಿಯದು, ರಾಗ ಬೇರೆ ಎಲ್ಲಿಯದೋ. "ಯಾವೂರ್ರೀ ಇವರದು?" ಅಂತ ಕೇಳಿದವರಿಗೆ "ನಮ್ಮ ಅಕ್ಕನ ಮಗ, ಅಮೆರಿಕಾದಾಗ ಇರ್ತಾನ, ರಜಾಕ್ಕ ಬಂದಾನ" ಅಂದುಬಿಡುತ್ತೇನೆ. ರಜೆ ಅನ್ನೋದು ಸುಳ್ಳು. ಅವನು ವೀಸಾಕ್ಕೆ ಕಾಯುತ್ತಿದ್ದಾನೆ. 25 ವರ್ಷ ಬಾಳಿದ ಊರಿಗೆ ಮೊದಲ ಸಲ ತನ್ನದೇ ಕಾಗದ ಸಮೇತ ಹೋಗೋದಕ್ಕೆ.

ಹೆಸರು ಬರೆಯೋದಿಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ಮನೆಯಲ್ಲಿ ಕರೆಯುವ ಹಾಗೆ ಪುಟ್ಟ ಅನ್ನೋಣ. ಅವನ ಅಕ್ಕ ಚಿನ್ನಿ.

ನಮ್ಮ ಭಾವ ವೈಟುಕೆ ಕಾಲದ, ಅಂದರೆ 2000 ಬಂದರೆ ಕಂಪ್ಯೂಟರುಗಳ ತಾರೀಖು ಕೆಡುತ್ತದೆ ಅಂತ ಗದ್ದಲ ಆದ ಕಾಲದ ಸಾಫ್ಟ್‌ವೇರ್ ಮನುಷ್ಯ. 2000ನೇ ಇಸವಿ ಜುಲೈನಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಜೊತೆಗೆ ಅಕ್ಕ, ಎಂಟು ವರ್ಷದ ಚಿನ್ನಿ, ಮೂರು ವರ್ಷದ ಪುಟ್ಟ. ಹುಬ್ಬಳ್ಳಿ ಸ್ಟೇಶನ್ನಿಗೆ ನಾವು 22 ಜನ ಕಳಿಸೋದಕ್ಕೆ ಹೋಗಿದ್ದೆವು. 2002ರಲ್ಲಿ ಭಾವನ ಕೆಲಸ ಹೋಯಿತು. ಆಗ ಅಲ್ಲಿ ಸಾವಿರಾರು ಜನರದು ಹೋಗಿತ್ತು. ಕೆಲಸ ಹೋದರೆ ಆ ವೀಸಾಕ್ಕೆ ಬೆಲೆ ಇಲ್ಲ, ಗಂಟುಮೂಟೆ ಕಟ್ಟಬೇಕು. ಭಾವ ಕಟ್ಟಲಿಲ್ಲ. ಇಲ್ಲಿ ಸಾಲ ಇತ್ತು, ಅದಕ್ಕಿಂತ ಜಾಸ್ತಿ ನಾಚಿಕೆ ಇತ್ತು. ಇನ್ನೊಂದು ತಿಂಗಳು ನೋಡೋಣ ಅಂದವರು ಉಳಿದೇಬಿಟ್ಟರು. ಊರಿಗೆ ಫೋನ್ ಮಾಡಿದಾಗೆಲ್ಲ "ಗ್ರೀನ್ ಕಾರ್ಡ್ ನಡೆದೈತಿ" ಅನ್ನುತ್ತಿದ್ದರು. ನಾವೂ ಹತ್ತು ವರ್ಷ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದೆವು.

ಚಿನ್ನಿಗೆ ಗೊತ್ತಾಗಿದ್ದು 16ನೇ ವಯಸ್ಸಿಗೆ. ಗೆಳತಿಯರೆಲ್ಲ ಡ್ರೈವಿಂಗ್ ಲೈಸೆನ್ಸಿಗೆ ಹೊರಟಿದ್ದರು. ನನ್ನ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೊಡು ಅಂತ ಅವ್ವನಿಗೆ ಕೇಳಿದಳು. ನಮ್ಮ ಆಧಾರ್ ಇದ್ದ ಹಾಗೆ ಅದು, ಕಾಗದ ಇಲ್ಲದವರಿಗೆ ಸಿಗೋದಿಲ್ಲ. ಅಕ್ಕ ಅಡುಗೆಮನೆ ಬಾಗಿಲು ಹಾಕಿಕೊಂಡು ಅತ್ತಳಂತೆ.

ಅಲ್ಲಿಯವರೆಗೆ ಯಾಕೆ ಗೊತ್ತಾಗಲಿಲ್ಲ ಅಂದರೆ ಶಾಲೆಯಲ್ಲಿ ಯಾರೂ ಕೇಳೋದಿಲ್ಲ. ಕಾಗದ ಇರಲಿ ಬಿಡಲಿ, ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವ ಹಾಗಿಲ್ಲ ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 2001ರ ಒಂದು ಕಾನೂನಿನಿಂದ ಕಾಲೇಜಿಗೂ ಆ ರಾಜ್ಯದವರ ಫೀಸೇ ಸಾಕು, ಅಲ್ಲೇ ಮೂರು ವರ್ಷ ಹೈಸ್ಕೂಲ್ ಓದಿ ಪಾಸಾಗಿರಬೇಕು. ಹೀಗಾಗಿ ಓದಿಸುತ್ತಾರೆ. ಚೆನ್ನಾಗಿಯೇ ಓದಿಸುತ್ತಾರೆ. ಡಿಗ್ರಿ ಕೈಗೆ ಕೊಟ್ಟ ಮೇಲೆ ಕೆಲಸ ಮಾಡೋ ಹಾಗಿಲ್ಲ ಅನ್ನುತ್ತಾರೆ. ಊಟಕ್ಕೆ ಕೂಡಿಸಿ, ಎಲೆ ಹಾಕಿ, ಬಡಿಸದೆ ಹೋದ ಹಾಗೆ.

2012ರ ಜೂನ್ 15ಕ್ಕೆ ಒಬಾಮಾ ಸರ್ಕಾರ ಡಾಕಾ ಅನ್ನುವುದನ್ನು ತಂದಿತು. ಚಿನ್ನಿ ಫೋನಿನಲ್ಲಿ "ಮಾಮಾ, ಡಾಕಾ ಬಂತು" ಅಂದಾಗ ನಾನು ಬಾಂಗ್ಲಾದೇಶದ ಢಾಕಾ ಅಂದುಕೊಂಡು "ಅಲ್ಲಿಗ್ಯಾಕ ಹೊಂಟೀಯವಾ?" ಅಂದಿದ್ದೆ. ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. 16 ತುಂಬುವ ಮೊದಲೇ ಬಂದವರು, 2007ರ ಜೂನ್ 15ರಿಂದ ಅಲ್ಲೇ ಇದ್ದವರು, 2012ರ ಆ ದಿನ 31 ತುಂಬದವರು, ಓದಿದವರು ಅಥವಾ ಓದುತ್ತಿರುವವರು ಅರ್ಜಿ ಹಾಕಬಹುದಿತ್ತು. ಇದು ವೀಸಾ ಅಲ್ಲ. ಸದ್ಯಕ್ಕೆ ನಿನ್ನನ್ನು ಹೊರಗೆ ಹಾಕೋದಿಲ್ಲ, ಎರಡು ವರ್ಷ ಕೆಲಸ ಮಾಡು, ಆಮೇಲೆ ಮತ್ತೆ ಬಂದು ಕೇಳು, ಅಷ್ಟೇ. ಈಗ ಒಂದೊಂದು ಸಲ ಕೇಳೋದಕ್ಕೂ ಆನ್‌ಲೈನಿನಲ್ಲಿ 555 ಡಾಲರ್ ಕಟ್ಟಬೇಕು.

ಆ ಅರ್ಜಿಗೆ ಜನನ ಪ್ರಮಾಣಪತ್ರ ಬೇಕಿತ್ತು. ನಾನೇ ಮಹಾನಗರ ಪಾಲಿಕೆಗೆ ಹೋಗಿ ಇಬ್ಬರದೂ ತೆಗೆಸಿದೆ. ಅಂಗಡಿಗೆ ಬಂದು ಒಂದರ ಪಕ್ಕ ಒಂದು ಇಟ್ಟು ಸ್ಕ್ಯಾನ್ ಮಾಡಿದ್ದು ಈಗಲೂ ನೆನಪಿದೆ. ಚಿನ್ನಿಯದು 1992ರ ಫೆಬ್ರವರಿ, ಪುಟ್ಟನದು 1997ರ ಮಾರ್ಚ್. ಎರಡೂ ಕಾಗದದಲ್ಲಿ ಅದೇ ಅಪ್ಪ, ಅದೇ ಅವ್ವ, ಅದೇ ವಿಳಾಸ. ಐದು ವರ್ಷದ ಅಂತರ ಬಿಟ್ಟರೆ ಬೇರೇನೂ ಇಲ್ಲ. ಆ ಅಂತರ ಏನು ಮಾಡುತ್ತದೆ ಅಂತ ಅವತ್ತು ಯಾರಿಗೆ ಗೊತ್ತಿತ್ತು?

ಈಗ ಹೇಳುತ್ತೇನೆ ಕೇಳಿ. ಅಮೆರಿಕದ ವಲಸೆ ಕಾನೂನಿನಲ್ಲಿ 1996ರಲ್ಲಿ ಒಂದು ಕಲಮು ಸೇರಿಸಿದರು. ಕಾಗದ ಇಲ್ಲದೆ 180 ದಿನಕ್ಕಿಂತ ಜಾಸ್ತಿ ಇದ್ದು ದೇಶ ಬಿಟ್ಟರೆ ಮೂರು ವರ್ಷ ಒಳಗೆ ಬರೋ ಹಾಗಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದು ಬಿಟ್ಟರೆ ಹತ್ತು ವರ್ಷ. ತಮಾಷೆ ಏನೆಂದರೆ, ಕೂತಲ್ಲೇ ಕೂತಿದ್ದರೆ ಈ ಶಿಕ್ಷೆ ಶುರುವಾಗೋದೇ ಇಲ್ಲ. ಹೊಸ್ತಿಲು ದಾಟಿದ ದಿನ ಶುರು. ಹಾಗಾದ ಮೇಲೆ ಯಾರು ದಾಟುತ್ತಾರೆ ಹೇಳಿ? ಬಂದವರು ಹೊರಗೆ ಹೋಗಲಿ ಅಂತ ಮಾಡಿದ ಕಾನೂನು ಬಂದವರನ್ನು ಒಳಗೇ ಕೂಡಿಹಾಕಿತು. ದಿನಗಳ ಲೆಕ್ಕ ಶುರುವಾಗಿದ್ದು 1997ರ ಏಪ್ರಿಲ್ 1ಕ್ಕೆ. ಆಗ ಪುಟ್ಟ ಇಲ್ಲೇ ನಮ್ಮ ಮನೆ ತೊಟ್ಟಿಲಲ್ಲಿದ್ದ. ಹುಟ್ಟಿ ಮೂರು ವಾರ ಆಗಿತ್ತು.

ಈ ಲೆಕ್ಕದಲ್ಲಿ 18 ತುಂಬುವವರೆಗಿನ ದಿನಗಳನ್ನು ಎಣಿಸೋದಿಲ್ಲ. ಡಾಕಾ ಸಿಕ್ಕ ಮೇಲಿನ ದಿನಗಳನ್ನೂ ಎಣಿಸೋದಿಲ್ಲ. ಪುಟ್ಟನಿಗೆ ಡಾಕಾ ಸಿಕ್ಕಾಗ 15 ವರ್ಷ. ಅವನ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ನಡುವೆ 2023ರಲ್ಲಿ ನವೀಕರಣ ತಡವಾಗಿ 40 ದಿನ ಕೆಲಸ ಇಲ್ಲದೆ ಕೂತಿದ್ದ, ಅಷ್ಟೇ. ಚಿನ್ನಿಗೆ 18 ತುಂಬಿದ್ದು 2010ರ ಫೆಬ್ರವರಿಗೆ, ಡಾಕಾ ಸಿಕ್ಕಿದ್ದು 2013ರ ಜನವರಿಗೆ. ಎರಡು ವರ್ಷ ಹನ್ನೊಂದು ತಿಂಗಳು. ದೇಶ ಬಿಟ್ಟರೆ ಹತ್ತು ವರ್ಷ ಹೊರಗೆ.

ಅಕ್ಕ ತಮ್ಮ ಒಂದೇ ವಿಮಾನದಲ್ಲಿ ಹೋದವರು. ಅಪ್ಪ ಅವ್ವ ಇಬ್ಬರೂ ಕೆಲಸಕ್ಕೆ ಹೋದಾಗ ಅವನಿಗೆ ಉಣಿಸಿ ಶಾಲೆಗೆ ಕಳಿಸಿದವಳು ಚಿನ್ನಿ. ದೊಡ್ಡವಳಾಗಿದ್ದೇ ಅವಳ ತಪ್ಪು.

ಚಿನ್ನಿ ಒಂದು ಸಲ ಬಂದು ಹೋಗಿದ್ದಾಳೆ. 2022ರಲ್ಲಿ, ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ. ಡಾಕಾ ಇರುವವರಿಗೆ ಅಡ್ವಾನ್ಸ್ ಪರೋಲ್ ಅಂತ ಒಂದು ಕಾಗದ ಸಿಗುತ್ತದೆ. ಮನೆಯವರ ಕಾಯಿಲೆ, ಓದು, ಕೆಲಸ, ಇಂಥ ಕಾರಣಕ್ಕೆ ಮಾತ್ರ. ಅದನ್ನು ಹಿಡಿದು ಹೋದರೆ ಹತ್ತು ವರ್ಷದ ತಡೆ ಬೀಳೋದಿಲ್ಲ. ಈ ಮಾತನ್ನು 2012ರಲ್ಲಿ ತೀರ್ಮಾನ ಮಾಡಿಸಿದ ಕೇಸು ನಮ್ಮ ದೇಶದ ಗಂಡ ಹೆಂಡತಿಯದೇ. ಅರಬಲ್ಲಿ ಮತ್ತು ಯೆರಬೆಲ್ಲಿ ಅಂತ, ಆ ಹೆಸರಿನಲ್ಲೇ ಅಲ್ಲಿಯ ವಕೀಲರೆಲ್ಲ ಅದನ್ನು ಹೇಳುತ್ತಾರೆ. ಚಿನ್ನಿಯ ವಕೀಲೆ ಅಮೆರಿಕನ್ ಹೆಂಗಸು. "ಯೆರಬೆಲ್ಲಿ" ಅನ್ನೋದಕ್ಕೆ ನಾಲಿಗೆ ಹೊರಳದೆ ಒದ್ದಾಡುತ್ತಾರಂತೆ.

22 ವರ್ಷದ ಮೇಲೆ ಬಂದ ಹುಡುಗಿ ಒಂದು ಪ್ಲಾಸ್ಟಿಕ್ ಫೋಲ್ಡರನ್ನು ಎದೆಗೆ ಹಿಡಿದುಕೊಂಡೇ ವಿಮಾನ ಇಳಿದಳು. ಆಸ್ಪತ್ರೆಗೂ ಅದು, ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನೋವಾಗಲೂ ತೊಡೆ ಮೇಲೆ ಅದು. ಮರುದಿನ ಅಂಗಡಿಗೆ ಬಂದು "ಮಾಮಾ, ಮೂರು ಕಾಪಿ ಮಾಡಿಕೊಡು" ಅಂದಳು. ಒಂದೇ ಒಂದು ಹಾಳೆ. ಮೂಲೆಯಲ್ಲಿ ಅವಳ ಫೋಟೊ, ಕೆಳಗೆ ತಾರೀಖು. ಅದರ ಅಂಚು ಬೆವರಿಗೆ ಆಗಲೇ ಮೆತ್ತಗಾಗಿತ್ತು. ನಾನು ಅಂಗಡಿಯವನ ಬುದ್ಧಿಯಿಂದ "ಲ್ಯಾಮಿನೇಶನ್ ಮಾಡ್ಲೇನು?" ಅಂದೆ. "ಬ್ಯಾಡ ಮಾಮಾ!" ಅಂತ ಕೂಗಿ ಕಸಿದುಕೊಂಡಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಲ್ಲಿ ಏರ್‌ಪೋರ್ಟಿನಲ್ಲಿ ಅದರ ಮೇಲೆ ಸಿಕ್ಕೆ ಒತ್ತಬೇಕಲ್ಲ. 16 ದಿನ ಇದ್ದು ಹೋದಳು. ಅಪ್ಪ ಮುಂದಿನ ತಿಂಗಳು ಹೋದ. ಅಕ್ಕ ವಿಡಿಯೊ ಕಾಲಿನಲ್ಲಿ ಮಣ್ಣು ನೋಡಿದಳು. ಅಕ್ಕ ಭಾವನಿಗೆ ಡಾಕಾ ಇಲ್ಲ, ಯಾವ ಕಾಗದವೂ ಇಲ್ಲ. ಅವರ ಮಾತು ಎತ್ತೋದನ್ನೇ ನಾವು ಬಿಟ್ಟಿದ್ದೇವೆ.

2024ರ ಜೂನ್ 18ರಂದು ಬೈಡನ್ ಸರ್ಕಾರ ಹೊಸ ಮಾತು ಹೇಳಿತು. ಅಲ್ಲಿಯ ಕಾಲೇಜಿನ ಡಿಗ್ರಿ ಇದ್ದು, ಓದಿದ್ದಕ್ಕೆ ತಕ್ಕ ಕೆಲಸ ಕೊಡುವವರಿದ್ದರೆ, ಇಂಥ ಹುಡುಗರಿಗೆ ಕೆಲಸದ ವೀಸಾ ಬೇಗ ಸಿಗುವ ಹಾಗೆ ಮಾಡುತ್ತೇವೆ ಅಂತ. ರಾತ್ರಿ ಹನ್ನೊಂದಕ್ಕೆ ಇಬ್ಬರೂ ಒಟ್ಟಿಗೆ ಫೋನ್ ಮಾಡಿದರು. ನಾನೂ ಖುಷಿಯಾಗಿ ಎಲ್ಲ ಓದಿದೆ. ಓದಿದರೆ ಹೊಸ ವೀಸಾ ಏನೂ ಇಲ್ಲ. ಇದ್ದದ್ದು ಹಳೆಯ ಎಚ್-1ಬಿ, ಹಳೆಯ ಒಂದು ಮಾಫಿ. ಅಲ್ಲಿ ಕೂತಲ್ಲೇ ಡಾಕಾದಿಂದ ಎಚ್-1ಬಿಗೆ ಬದಲಾಯಿಸಿಕೊಳ್ಳೋದಕ್ಕೆ ಬರೋದಿಲ್ಲ, ಯಾಕಂದರೆ ಬದಲಾಯಿಸೋದಕ್ಕೆ ಕೈಯಲ್ಲಿ ಮೊದಲು ಒಂದು ವೀಸಾ ಇರಬೇಕು. ಆದ್ದರಿಂದ ದೇಶ ಬಿಡಬೇಕು, ಕಾನ್ಸುಲೇಟಿಗೆ ಹೋಗಬೇಕು, ವೀಸಾ ಹಾಕಿಸಿಕೊಂಡು ಹೊಳ್ಳಿ ಹೋಗಬೇಕು. ನಮ್ಮವರಿಗೆ ಅದು ಚೆನ್ನೈ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆ ಆಗಿದೆ, ಆದರೆ ವೀಸಾ ಕೆಲಸ ಅಲ್ಲಿ ಇನ್ನೂ ಶುರುವಾಗಿಲ್ಲ.

ಹತ್ತು ವರ್ಷದ ತಡೆ ಇರುವ ಚಿನ್ನಿಯಂಥವರಿಗೆ ಆ ಮಾಫಿ ಬೇಕು. ವಕೀಲರ ಬಾಯಲ್ಲಿ ಅದು ಡಿ-3. ಕಾನ್ಸುಲೇಟಿನ ಅಧಿಕಾರಿ ಶಿಫಾರಸು ಮಾಡಬೇಕು, ಅದನ್ನು ಅಮೆರಿಕದಲ್ಲಿರುವ ಇನ್ನೊಂದು ಕಚೇರಿ ಒಪ್ಪಬೇಕು. 1978ರ ಒಂದು ಕೇಸಿನ ಪ್ರಕಾರ ಮೂರು ನೋಡುತ್ತಾರೆ: ಈ ಮನುಷ್ಯ ಬಂದರೆ ಏನಾದರೂ ಕೆಡಕು ಇದೆಯಾ, ಹಿಂದೆ ಮಾಡಿದ ತಪ್ಪು ಎಷ್ಟು ದೊಡ್ಡದು, ಯಾಕೆ ಬರುತ್ತಿದ್ದಾನೆ. ಬೈಡನ್ ಸರ್ಕಾರ ಮಾಡಿದ್ದು ಇಷ್ಟೇ, ಡಿಗ್ರಿ ಇದ್ದವರ ಶಿಫಾರಸನ್ನು ಬೇಗ ಮಾಡಿ ಅಂತ ತನ್ನ ಅಧಿಕಾರಿಗಳಿಗೆ ಬರೆದು ಹೇಳಿತು. ಕೊಡಲೇಬೇಕು ಅಂತ ಎಲ್ಲೂ ಇಲ್ಲ.

ಮಾಫಿ ಸಿಗೋವರೆಗೆ ಹುಬ್ಬಳ್ಳಿಯಲ್ಲಿ ಕೂತಿರಬೇಕು. ಸಿಗಲಿಲ್ಲ ಅಂದರೆ? "ಹತ್ತು ವರ್ಷ ನಿನ್ನ ಅಂಗಡ್ಯಾಗ ಇರ್ತೇನಿ" ಅಂದಳು ಚಿನ್ನಿ. ನಗುತ್ತಲೇ ಅಂದಳು. ಬರಲಿಲ್ಲ. ಬಾ ಅನ್ನೋದಕ್ಕೆ ನನಗೂ ಧೈರ್ಯ ಆಗಲಿಲ್ಲ. ಅವಳ ಮುಖ ನೋಡಬೇಕು ಅನ್ನೋ ನನ್ನ ಆಸೆಗೂ ಅವಳ ಹತ್ತು ವರ್ಷಕ್ಕೂ ತಕ್ಕಡಿ ಹಿಡಿಯೋಕೆ ನಾನ್ಯಾರು?

ಊರ ಹೆಂಗಸರ ಸಲಹೆ ಬೇರೆ. "ಅಲ್ಲೇ ಒಬ್ಬ ಸಿಟಿಜನ್ ಹುಡುಗನ್ನ ಮಾಡ್ಕೊಂಡ್ರ ಆತಲ್ಲ?" ಹಾಗೆ ನೋಡಿದರೆ ಅದು ನಿಜ. ಗಡಿ ಹಾರಿ ಬಂದವರಿಗೆ ಮದುವೆಯಾದರೂ ತೊಡಕು ಜಾಸ್ತಿ. ಆದರೆ ವೀಸಾ ಮೇಲೆ ಬಂದು, ಏರ್‌ಪೋರ್ಟಿನಲ್ಲಿ ಸಿಕ್ಕೆ ಹಾಕಿಸಿಕೊಂಡು, ಆಮೇಲೆ ಉಳಿದುಬಿಟ್ಟವರು ಅಲ್ಲಿಯ ಪ್ರಜೆಯನ್ನು ಮದುವೆಯಾದರೆ ದೇಶ ಬಿಡದೆ ಗ್ರೀನ್ ಕಾರ್ಡಿಗೆ ಹಾಕಬಹುದು. ಕಾಗದಕ್ಕೋಸ್ಕರ ಸುಳ್ಳು ಮದುವೆ ಮಾಡಿಕೊಂಡು ಸಿಕ್ಕಿಬಿದ್ದರೆ ಮಾತ್ರ ಆ ದಾರಿ ಜೀವಮಾನಕ್ಕೆ ಮುಚ್ಚಿತು. ಚಿನ್ನಿಗೆ ಹೇಳಿದೆ. "ಮಾಮಾ, ಹುಡುಗ ಇಷ್ಟ ಆದ್ರೂ ಈಗ ಅನುಮಾನ ಬರ್ತದ. ಇಂವನ್ನ ಇಷ್ಟಪಟ್ಟೆನೋ, ಇವನ ಪಾಸ್‌ಪೋರ್ಟ್ ಇಷ್ಟಪಟ್ಟೆನೋ ಅಂತ" ಅಂದಳು. ಆಮೇಲೆ ನಾನು ಆ ಸುದ್ದಿ ಎತ್ತಿಲ್ಲ.

ಪುಟ್ಟನ ಕಥೆ ಬೇರೆ. ಅವನಿಗೆ ತಡೆ ಇಲ್ಲ, ಹಾಗಾಗಿ ಮಾಫಿಯೂ ಬೇಡ. ಬೇಕಾದದ್ದು ಲಾಟರಿ, ಕೇಳುವವರು ಜಾಸ್ತಿ ಅಂತ ಎಚ್-1ಬಿಗೆ ಚೀಟಿ ಎತ್ತುತ್ತಾರೆ. ವರ್ಷಕ್ಕೆ 85,000 ಎಚ್-1ಬಿ, ಅದರಲ್ಲಿ 20,000 ಅಲ್ಲಿಯ ಮಾಸ್ಟರ್ಸ್ ಡಿಗ್ರಿಯವರಿಗೆ. 2025ರ ಮಾರ್ಚಿನಲ್ಲಿ ಅವನ ಕಂಪನಿ 215 ಡಾಲರ್ ಕಟ್ಟಿ ಹೆಸರು ಹಾಕಿತು. ಎದ್ದಿತು! ಜೂನಿನಲ್ಲಿ ಪೂರ್ತಿ ಅರ್ಜಿ, ಆಗಸ್ಟಿನಲ್ಲಿ ಒಪ್ಪಿಗೆ. ಸೆಪ್ಟೆಂಬರ್ 19ಕ್ಕೆ ಟ್ರಂಪ್ ಸರ್ಕಾರ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಆದೇಶ ಮಾಡಿತು. ನಮ್ಮ ಲೆಕ್ಕದಲ್ಲಿ ಆಗ ಸುಮಾರು 88 ಲಕ್ಷ ರೂಪಾಯಿ. ಸೆಪ್ಟೆಂಬರ್ 21ರಿಂದ ಹಾಕಿದ ಅರ್ಜಿಗಳಿಗೆ ಮಾತ್ರ. ಪುಟ್ಟ ಮೂರು ತಿಂಗಳ ಅಂತರದಲ್ಲಿ ಪಾರಾದ.

ಚಿನ್ನಿ ಪಾರಾಗಲಿಲ್ಲ. ಅವಳು ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದಾಳೆ. ವಿಶ್ವವಿದ್ಯಾಲಯದವರಿಗೆ ಲಾಟರಿ ಇಲ್ಲ, ವರ್ಷದ ಯಾವ ದಿನ ಬೇಕಾದರೂ ಹಾಕಬಹುದು. ಆ ಧೈರ್ಯದಲ್ಲೇ ಹಾಕೋಣ ಹಾಕೋಣ ಅಂತ ತಡ ಮಾಡಿದ್ದಳು. ಒಂದು ಲಕ್ಷ ಡಾಲರ್ ಮಾತ್ರ ಅವರಿಗೂ ಬಿಟ್ಟಿಲ್ಲ. ಸಂಬಳಕ್ಕಿಂತ ಜಾಸ್ತಿ ಫೀಸು ಕಟ್ಟಿ ಯಾರು ಕರೆಸಿಕೊಳ್ಳುತ್ತಾರೆ? ಅವಳ ಮೇಡಂ ತುಂಬ ಬೇಜಾರು ಮಾಡಿಕೊಂಡೇ ಆಗೋದಿಲ್ಲ ಅಂದರಂತೆ.

ಪುಟ್ಟ ಹೊರಡುವ ಮೊದಲು ಒಂದು ಅಡ್ವಾನ್ಸ್ ಪರೋಲ್ ಕಾಗದವೂ ಕೈಯಲ್ಲಿರಲಿ ಅಂತ ವಕೀಲೆ ಅರ್ಜಿ ಹಾಕಿಸಿದ್ದರು. ವೀಸಾ ಸಿಗದಿದ್ದರೂ ಅದರ ಮೇಲೆ ಹೊಳ್ಳಿ ಹೋಗಬಹುದಿತ್ತು. ಟಿಕೆಟ್ ತಾರೀಖು ಬಂದರೂ ಅದರ ಉತ್ತರ ಬರಲಿಲ್ಲ. ಆ ಕಾಗದ ಇಲ್ಲದೆ ವಿಮಾನ ಹತ್ತಿದರೆ ಡಾಕಾ ಅವತ್ತಿಗೇ ಮುಗಿಯಿತು. ಹತ್ತಿದ. ನಮ್ಮ ಅಕ್ಕ ಏರ್‌ಪೋರ್ಟಿಗೆ ಬರಲಿಲ್ಲ, ಈಗೀಗ ಅವಳು ಅಂಥ ಕಡೆ ಹೋಗೋದಿಲ್ಲ. ಮನೆ ಬಾಗಿಲಲ್ಲೇ ಒಂದು ಡಬ್ಬಿ ಶೇಂಗಾ ಹಿಂಡಿ ಕೈಗಿಟ್ಟಳಂತೆ. ಹುಬ್ಬಳ್ಳಿಗೆ ಹೋಗುವವನಿಗೆ ಶೇಂಗಾ ಹಿಂಡಿ! ಇಲ್ಲಿ ನಮ್ಮವ್ವ ಅದನ್ನು ಮುಚ್ಚಳ ತೆಗೆದು ಮೂಸಿ, "ಬಳ್ಳೊಳ್ಳಿ ಕಮ್ಮಿ ಹಾಕ್ಯಾಳ" ಅಂದು ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಯಾರಿಗೂ ಕೊಡೋದಿಲ್ಲ.

ಚೆನ್ನೈ ಇಂಟರ್‌ವ್ಯೂ ಡಿಸೆಂಬರ್ 18ಕ್ಕೆ ಇತ್ತು. ಬೆಂಗಳೂರಿನ ತನಕ ವಂದೇ ಭಾರತ್, ಅಲ್ಲಿಂದ ರಾತ್ರಿ ರೈಲು, ಎಲ್ಲ ಬುಕ್ ಮಾಡಿದ್ದೆ. ಹತ್ತು ದಿನ ಮೊದಲು ಮೇಲ್ ಬಂತು. ಡಿಸೆಂಬರ್ 15ರಿಂದ ಎಚ್-1ಬಿಯವರ ಸೋಶಿಯಲ್ ಮೀಡಿಯಾ ಖಾತೆಗಳನ್ನೆಲ್ಲ ತೆಗೆದು ನೋಡುವ ಹೊಸ ಪದ್ಧತಿ ಬಂದಿತ್ತು. ದೇಶದ ತುಂಬ ತಾರೀಖುಗಳು ಮುಂದೆ ಹೋದವು. ಪುಟ್ಟನದು ಏಪ್ರಿಲ್‌ಗೆ. ಮೇಲ್ ಓದಿದವನು ಫೋನು ನನ್ನ ಕೈಗೆ ಕೊಟ್ಟು ಎದ್ದು ಹೊರಗೆ ಹೋದ. ಒಂದು ತಾಸಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಉಣಕಲ್ ಕೆರೆ ದಂಡೆ ಮೇಲೆ ಮಿರ್ಚಿ ಭಜಿ ಹಿಡಿದು ಕೂತಿದ್ದ. ತಿಂದಿರಲಿಲ್ಲ. ಕಾಗದದ ಎಣ್ಣೆ ಪ್ಯಾಂಟಿಗೆಲ್ಲ ಇಳಿದಿತ್ತು. ಎಲ್ಲ ಖಾತೆ ಪಬ್ಲಿಕ್ ಮಾಡಿದ್ದಾನೆ. ಅದರಲ್ಲಿ ಇರೋದು ನಾಯಿ ಫೋಟೊ, ಬೆಟ್ಟ ಹತ್ತಿದ ಫೋಟೊ. ಅಕ್ಕ ಭಾವ ಇರುವ ಫೋಟೊ ಒಂದೂ ಇಲ್ಲ, ಮೊದಲಿನಿಂದಲೂ ಹಾಕಿಲ್ಲ.

ಕಂಪನಿ ಸಂಬಳವಿಲ್ಲದ ರಜೆ ಕೊಟ್ಟಿದೆ. ಎಷ್ಟು ದಿನ ಅಂತ ಅವರೂ ಹೇಳಿಲ್ಲ, ಇವನೂ ಕೇಳಿಲ್ಲ. ವೀಸಾ ಸಿಕ್ಕರೂ ಮೂರು ವರ್ಷ, ಇನ್ನೊಂದು ಮೂರು ವರ್ಷ, ಅಷ್ಟರಲ್ಲಿ ಗ್ರೀನ್ ಕಾರ್ಡಿನ ಪಾಳಿಗೆ ನಿಲ್ಲಬೇಕು. ಅವನ ಡಿಗ್ರಿಯ ಗುಂಪಿನಲ್ಲಿ ನಮ್ಮ ದೇಶದವರ ಪಾಳಿ 2026ರ ಶುರುವಿಗೆ 2013ರ ಸುಮಾರಿಗೆ ಅರ್ಜಿ ಹಾಕಿದವರ ಹತ್ತಿರ ಇತ್ತು. 2000ದಲ್ಲೇ ಹೋದವನು ಹೊಸದಾಗಿ ಕೊನೆಗೆ ಹೋಗಿ ನಿಲ್ಲಬೇಕು. ಇದನ್ನು ಅವನಿಗೆ ನಾನು ಹೇಳಬೇಕಾಗಿಲ್ಲ, ನನಗೆ ಹೇಳಿದವನೇ ಅವನು.

ಸದ್ಯಕ್ಕೆ ಇಲ್ಲಿ ಅವನಿಗೆ ಯಾರ ಪರ್ಮಿಟ್ಟೂ ಬೇಡ. ಮೊದಲ ತಿಂಗಳು ನಾನು ಕೊಟ್ಟ 8,000 ರೂಪಾಯಿ ಎಣಿಸಿ, "ಮಾಮಾ, ಮುಗಿಯೋ ತಾರೀಖು ಇಲ್ಲದ ಕೆಲಸದ್ದು ಇದು ಮೊದಲ್ನೇ ಪಗಾರ" ಅಂದ. ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಅವ್ವನಿಗೆ ಪೇಡೆ ತಂದ. ಅವ್ವನಿಗೆ ಸಕ್ಕರೆ ಕಾಯಿಲೆ. ಅರ್ಧ ಪೇಡೆ ತಿಂದು, "ನಿಮ್ಮವ್ವ ಯಾವಾಗ ಬರ್ತಾಳ?" ಅಂತ ದಿನಾ ಕೇಳುವುದನ್ನೇ ಕೇಳಿದಳು. ಅವನು ದಿನಾ ಹೇಳುವುದನ್ನೇ ಹೇಳಿದ. "ಬರ್ತಾಳಮ್ಮ."

ನಿನ್ನೆ ಸಂಜೆ ಹತ್ತಿರದ ಕಾಲೇಜಿನ ಒಬ್ಬ ಹುಡುಗ ಪಾಸ್‌ಪೋರ್ಟ್ ಅರ್ಜಿ ತುಂಬಿಸೋದಕ್ಕೆ ಬಂದಿದ್ದ. ಎಂಎಸ್ ಮಾಡೋದಕ್ಕೆ ಅಮೆರಿಕಕ್ಕೆ ಹೋಗುತ್ತಾನಂತೆ. ಪುಟ್ಟ ಅಲ್ಲಿಯವನು ಅಂತ ಗೊತ್ತಾಗಿದ್ದೇ ತಡ, ಕುರ್ಚಿ ಎಳೆದುಕೊಂಡು ಕೂತ. ಚಳಿ ಎಷ್ಟು, ರೂಮ್ ಬಾಡಿಗೆ ಎಷ್ಟು, ಪಾರ್ಟ್ ಟೈಮ್ ಸಿಗುತ್ತದಾ, ಒಂದೇ ಸಮನೆ ಪ್ರಶ್ನೆ. ಪುಟ್ಟ ಎಲ್ಲದಕ್ಕೂ ತಾಳ್ಮೆಯಿಂದ ಹೇಳಿದ. ಕೊನೆಗೆ ಹುಡುಗ, "ಅಣ್ಣಾ, ಮತ್ತೇನರ ಮುಖ್ಯ ಐತೇನ್ರಿ?" ಅಂದ.

ಪುಟ್ಟ ಕೀಬೋರ್ಡ್ ಬಿಟ್ಟು ಅವನ ಕಡೆ ತಿರುಗಿದ. "ಇಳಿದ ಮ್ಯಾಲೆ ಐ-94 ಅಂತ ಒಂದು ಬರ್ತದ, ಆನ್‌ಲೈನ್‌ನಾಗ. ಯಾವಾಗ, ಯಾವ ವೀಸಾ ಮ್ಯಾಲೆ ಒಳಗ ಬಂದೀ ಅಂತ ಅದರಾಗ ಬರದಿರ್ತದ. ಅವತ್ತೇ ಪ್ರಿಂಟ್ ತಗೋ."

"ಎಷ್ಟು ಕಾಪಿ ತಗೋಬೇಕ್ರಿ?"

"ಮೂರು" ಅಂದ ಪುಟ್ಟ. "ಲ್ಯಾಮಿನೇಶನ್ ಮಾಡಿಸಬ್ಯಾಡ."